ಸೂಜಿ ಸುಭದ್ರಮ್ಮನ ಕೋಟು

ನಮ್ಮ ಊರಿಗೆ ಪ್ರತಿ ಮಂಗಳವಾರ ಬೆಳಿಗ್ಗೆ ಹಳೇ ಕೋಟುಗಳ ಮೂಟೆ ಬರುತ್ತದೆ. ಎಲ್ಲಿಂದ ಅಂತ ನನ್ನನ್ನು ಕೇಳಬೇಡಿ. ಲಾರಿಯವನನ್ನು ಕೇಳಿದರೆ ಕೆಳಗಿನಿಂದ ಅನ್ನುತ್ತಾನೆ, ಕೆಳಗಿನವರನ್ನು ಕೇಳಿದರೆ ಇನ್ನೂ ಕೆಳಗಿನಿಂದ ಅನ್ನುತ್ತಾರಂತೆ. ನಮ್ಮದು ಗಾಳಿಯ ಊರು. ಹತ್ತಿ ಹಾಕಿ, ಉಣ್ಣೆ ಹಾಕಿ, ಗಾಳಿ ಒಳಗೆ ನುಗ್ಗಿ ಎದೆಗೂಡನ್ನೇ ತಡಕುತ್ತದೆ. ಅದನ್ನು ತಡೆಯುವುದು ಸ್ವೇಡ್ ತೊಗಲು ಒಂದೇ. ಹಾಗಾಗಿ ಮಗುವಿನಿಂದ ಹಿಡಿದು ಮುದುಕರ ತನಕ ಎಲ್ಲರ ಮೈಮೇಲೂ ಯಾರೋ ತೊಟ್ಟು ಬಿಟ್ಟ ಸ್ವೇಡ್ ಕೋಟು.

ಅವನ್ನು ಶುದ್ಧ ಮಾಡಿ ಕೊಡುವವಳು ನಾನು. ಹೆಸರು ಪುಟ್ಟತಾಯಮ್ಮ, ಊರವರ ಬಾಯಲ್ಲಿ ತಾಯಕ್ಕ. ಬಾಯಿ ಜೋರು ಅಂತಲೂ ಹೇಳುತ್ತಾರೆ. ಜೋರಿದ್ದರೆ ಏನೀಗ, ಕೆಲಸ ನೋಡಿ ಮಾತಾಡಿ ಅನ್ನುತ್ತೇನೆ. ಸ್ವೇಡ್ ಅಂದರೆ ಒಳಮೈಯನ್ನು ಹೊರಗೆ ಮಾಡಿದ ತೊಗಲು. ಅದರ ಮೇಲೆ ಎಳೇ ಬೆಂಡೆಕಾಯಿಗೆ ಇರುವಂಥ ನವಿರು ಇರುತ್ತದೆ. ಅದಕ್ಕೆ ನೀರು ತೋರಿಸಬಾರದು, ಬಿಸಿಲು ತೋರಿಸಬಾರದು. ಎಣ್ಣೆ ಕಲೆಗೆ ಜೋಳದ ಹಿಟ್ಟು ಉದುರಿಸಿ ಒಂದು ದಿನ ಬಿಡಬೇಕು. ಹೊಳಪು ಬಂದ ಕಾಲರಿಗೆ ಮಕ್ಕಳ ರಬ್ಬರು ಸಾಕು. ಹಳೇ ಕಲೆಗೆ, ಮುಗ್ಗಲು ವಾಸನೆಗೆ ಬಟ್ಟೆಯ ತುದಿಯಲ್ಲಿ ಒಂದಿಷ್ಟೇ ವಿನೆಗರ್. ಮಲಗಿಹೋದ ನವಿರನ್ನು ಎಬ್ಬಿಸುವುದಕ್ಕೆ ಕೆಟಲ್ಲಿನ ಹಬೆ. ಕಡೆಗೆ ಹಿತ್ತಾಳೆ ತಂತಿಯ ಬ್ರಶ್ಶು. ಕಡೆಗೆ ಅಂದೆನಲ್ಲ, ಆ ಬ್ರಶ್ಶಿನ ಕೆಲಸವೇ ನಮ್ಮ ಊರಿನಲ್ಲಿ ದೊಡ್ಡದು.

ಯಾಕೆಂದರೆ ಕೈಗಳು. ಬೇರೆ ಊರುಗಳಲ್ಲಿ ಸ್ವೇಡಿನ ಮೇಲೆ ಬಿದ್ದ ಕೈಗುರುತು ಒಂದು ಸಲ ಸವರಿದರೆ ಹೋಗುತ್ತದಂತೆ. ಇಲ್ಲಿ ಹೋಗುವುದಿಲ್ಲ. ಪ್ರೀತಿಯಿಂದ ಇಟ್ಟ ಕೈ ಅಂಗೈ, ಬೆರಳು ಸಮೇತ ಅಲ್ಲೇ ಉಳಿಯುತ್ತದೆ. ತಳ್ಳಿದ ಕೈ, ಹೆದರಿ ಹಿಡಿದ ಕೈ, ಬಸ್ಸಿನಲ್ಲಿ ಆತುಕೊಂಡ ಕೈ ಒಂದೂ ನಿಲ್ಲುವುದಿಲ್ಲ. ಗಂಡು ನೋಡಲು ಹೋದವರು ಹುಡುಗನನ್ನು ಮೊದಲು ಹಿಂದಕ್ಕೆ ತಿರುಗು ಅನ್ನುತ್ತಾರೆ. ಸ್ಟುಡಿಯೋದಲ್ಲಿ ಮನೆಮಂದಿಯ ಫೋಟೋವನ್ನು ಎರಡು ಸಲ ತೆಗೆಯುತ್ತಾರೆ, ಮುಂದಿನಿಂದ ಒಂದು, ಹಿಂದಿನಿಂದ ಒಂದು. ಗಂಡ ಮನೆಗೆ ಬಂದರೆ ಹೆಂಡತಿ ನೋಡುವುದು ಮುಖವನ್ನಲ್ಲ, ಬೆನ್ನನ್ನು. ಇದರಿಂದ ಆಗಬೇಕಾದ ಜಗಳಗಳೂ ಆಗುತ್ತವೆ.

ಮೂಟೆಯಲ್ಲಿ ಬಂದ ಕೋಟುಗಳ ಮೇಲೂ ಕೈಗಳಿರುತ್ತವೆ, ಯಾವುದೋ ಊರಿನ ಯಾರ್ಯಾರದೋ. ಅವನ್ನು ಉಜ್ಜಿ ತೆಗೆಸದೆ ಯಾರೂ ತೊಡುವುದಿಲ್ಲ. ಬೇರೆಯವರಿಗೆ ಸಂದ ಪ್ರೀತಿಯನ್ನು ಹೊತ್ತು ತಿರುಗುವುದು ಎಂಜಲು ಎಲೆಯಲ್ಲಿ ಕೂತು ಉಂಡ ಹಾಗೆ ಅಂತ ನಮ್ಮವರ ಭಾವನೆ. ಅದಕ್ಕೇ ನನ್ನ ಅಂಗಡಿ ನಡೆಯುತ್ತದೆ. ನಾನು ಕೈಗವಸು ಹಾಕದೆ ಯಾರ ಕೋಟನ್ನೂ ಮುಟ್ಟುವುದಿಲ್ಲ. ಮದುವೆಗೆ ಮುಂಚೆ ಒಂದು ಸಲ ಮೂಟೆ ಹೊರುವವರೊಬ್ಬರ ಕೋಟನ್ನು ಉಜ್ಜಿ ಕೊಟ್ಟೆ. ಮಾರನೇ ದಿನ ಅವರು ತಿರುಗಿ ನಿಂತು ಬೆನ್ನು ತೋರಿಸಿ, "ಏನ್ರೀ ಇದು" ಅಂದರು. ನೋಡಿದರೆ ನನ್ನ ಬಲಗೈ, ನಟ್ಟನಡುವೆ. ಮುಂದಿನ ವಾರ ಅವರ ತಾಯಿ ಹೂವು ತೆಂಗಿನಕಾಯಿ ಹಿಡಿದು ಬಂದರು. ಗ್ಲೌಸು ಹರಿದಿತ್ತು ಅಂತ ನಾನು ಇವತ್ತಿಗೂ ಹೇಳುತ್ತೇನೆ. ನಮ್ಮ ಮನೆಯವರು ಇವತ್ತಿಗೂ ನಂಬಿಲ್ಲ.

ಈಗ ಸುಭದ್ರಮ್ಮನ ವಿಷಯ. ನಮ್ಮ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಡುವ ಸಿಸ್ಟರ್ ಅವರು. ಮೂವತ್ತಮೂರು ವರ್ಷ ಅದೇ ಕೋಣೆ, ಅದೇ ಸ್ಟೂಲು, ಬಿಳಿ ಸೀರೆಯ ಮೇಲೆ ಮೊಣಕಾಲಿನವರೆಗೆ ಬರುವ ಅದೇ ಕಂದು ಕೋಟು. ಊರಿನ ಅರ್ಧ ಜನ ಅವರ ಸೂಜಿ ತಿಂದೇ ದೊಡ್ಡವರಾದದ್ದು. ಊಟ ಮಾಡದ ಮಕ್ಕಳಿಗೆ "ಸೂಜಿ ಸುಭದ್ರಮ್ಮ ಬರ್ತಾಳೆ ನೋಡು" ಅಂತ ಹೆದರಿಸದ ತಾಯಿ ಈ ಊರಿನಲ್ಲಿಲ್ಲ. ನಾನೂ ಹೆದರಿಸಿದ್ದೇನೆ. ಮದುವೆಯಾಗಲಿಲ್ಲ, ಮಾತು ಕಡಿಮೆ, ಶುಚಿ ಅಂದರೆ ಶುಚಿ. ರಸ್ತೆಯಲ್ಲಿ ಹೋಗುವಾಗ ಅವರ ಕೋಟಿನ ಭುಜಗಳು ನಯವಾಗಿ ಹೊಳೆಯುತ್ತಿದ್ದವು. ಒಂದು ಕೈಯೂ ಇರಲಿಲ್ಲ.

ಆ ಮಂಗಳವಾರ ಮೂಟೆ ಬಿಚ್ಚಿ ಇನ್ನೂ ಧೂಳು ಕೊಡವುತ್ತಿದ್ದೆವು, ಸುಭದ್ರಮ್ಮ ಅಂಗಡಿಗೆ ಬಂದರು. ಹಿಂದೆ ಯಾವತ್ತೂ ಬಂದವರಲ್ಲ. ಒಂದೊಂದೇ ಕೋಟನ್ನು ತಿರುಗಿಸಿ ಬೆನ್ನು ನೋಡಿದರು. ಬೂದು ಬಣ್ಣದ ಒಂದನ್ನು ಆರಿಸಿದರು. ಅದರ ಎಡಭುಜದ ಮೇಲೆ ಪುಟ್ಟ ಕೈಯೊಂದು ಒತ್ತಿ ಕೂತಿತ್ತು, ಹೆಗಲ ಮೇಲೆ ಮಲಗಿದ ಮಗು ಹಿಡಿದುಕೊಂಡ ಹಾಗೆ.

"ಇದನ್ನ ಕ್ಲೀನ್ ಮಾಡ್ಕೊಡಿ ತಾಯಕ್ಕ," ಅಂದರು. ಆಮೇಲೆ ದನಿ ಇಳಿಸಿದರು. "ಈ ಕೈ ಒಂದು ಇರಲಿ. ಇದನ್ನ ಉಜ್ಜಬೇಡಿ."

ನಾನು ಬ್ರಶ್ಶು ಕೆಳಗಿಟ್ಟೆ. "ಏನ್ ಮಾತಾಡ್ತಿದೀರ ಸುಭದ್ರಮ್ಮ. ಯಾರದೋ ಮಗುವಿನ ಕೈ ಅದು. ನನ್ನ ಅಂಗಡಿಯಿಂದ ಇಲ್ಲೀತನಕ ಒಂದು ಪರಕೀಯ ಕೈಯೂ ಹೊರಗೆ ಹೋಗಿಲ್ಲ."

"ಶನಿವಾರ ನಂಗೆ ರಿಟೈರ್ಮೆಂಟು," ಅಂದರು. ಅಷ್ಟೇ ಅಂದರು. ಅಷ್ಟಕ್ಕೇ ನನಗೆ ಎಲ್ಲ ಅರ್ಥವಾಯಿತು.

ನಮ್ಮಲ್ಲಿ ನಿವೃತ್ತರಾದವರನ್ನು ಎಲ್ಲರೆದುರು ವೇದಿಕೆಯ ಮೇಲೆ ನಿಲ್ಲಿಸಿ, ಹಾರ ಹಾಕುವ ಮುಂಚೆ ಹಿಂದಕ್ಕೆ ತಿರುಗಿಸುತ್ತಾರೆ. ಬೆನ್ನು ತೋರಿಸುವ ಶಾಸ್ತ್ರ ಅನ್ನುತ್ತೇವೆ. ಇಷ್ಟು ವರ್ಷ ದುಡಿದವರ ಬೆನ್ನಿನ ಮೇಲೆ ಎಷ್ಟು ಕೈ ಇವೆ ಅಂತ ಊರು ಕಣ್ಣು ತುಂಬ ನೋಡಿ ಚಪ್ಪಾಳೆ ತಟ್ಟುತ್ತದೆ. ಹಿಂದೊಮ್ಮೆ ಒಬ್ಬ ಹೆಡ್‌ಮಾಸ್ತರರು ಹೀಗೇ ತಿರುಗಿದರು. ಬೆನ್ನು ಬರಿದು. ಚಪ್ಪಾಳೆ ತಟ್ಟಲು ಎತ್ತಿದ ಕೈಗಳನ್ನು ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಆ ಮನುಷ್ಯ ಹದಿನೈದು ದಿನದಲ್ಲಿ ಊರು ಬಿಟ್ಟರು.

"ತಂಗಿ ಮಗುವಿದು ಅಂತ ಹೇಳ್ತೀನಿ," ಅಂದರು ಸುಭದ್ರಮ್ಮ. "ದೂರದಲ್ಲಿದ್ದಾಳೆ ಅಂತೀನಿ. ಯಾರು ಹೋಗಿ ನೋಡ್ತಾರೆ."

"ನಿಮಗೆ ತಂಗಿ ಇದಾಳಾ?"

"ಇಲ್ಲ."

ನಾನು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅದು ನನಗೆ ಅಭ್ಯಾಸವಿಲ್ಲದ ಕೆಲಸ. ಆದರೆ ಈ ಹೆಂಗಸಿನ ಮುಂದೆ ಒಂದು ಸಲ ನುಂಗಿಕೊಳ್ಳದೆ ಆಡಿದ ಮಾತು ಇಪ್ಪತ್ತನಾಲ್ಕು ವರ್ಷದಿಂದ ನನ್ನ ಗಂಟಲಲ್ಲಿತ್ತು.

ನನ್ನ ಮಗ ಲಿಂಗುವಿಗೆ ನಾಲ್ಕು ವರ್ಷವಾಗಿದ್ದಾಗ ಹುಚ್ಚುನಾಯಿ ಕಡಿಯಿತು. ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ, ದಿನಕ್ಕೊಂದು. ಮೊದಲ ದಿನವೇ ಅವನ ಕಿರುಚಾಟ ಕೇಳಲಾರದೆ ನಾನು ಆಸ್ಪತ್ರೆಯ ಅಂಗಳದ ನಲ್ಲಿಯ ಹತ್ತಿರ ಓಡಿಬಂದೆ. ಆಮೇಲೆ ಹದಿಮೂರು ದಿನವೂ ಮಗನನ್ನು ಆ ಕೋಣೆಯ ಬಾಗಿಲಲ್ಲಿ ಬಿಟ್ಟು, ಅದೇ ನಲ್ಲಿಯ ಹತ್ತಿರ ಕಿವಿ ಮುಚ್ಚಿಕೊಂಡು ಕೂತು ಅಳುತ್ತಿದ್ದೆ. ಕೊನೆಯ ದಿನ ಸುಭದ್ರಮ್ಮ ಮಗುವನ್ನು ತಂದು ಒಪ್ಪಿಸಿ, "ನಾಳೆಯಿಂದ ಬರೋದು ಬೇಡ" ಅಂತ ಒಣಗಿದ ದನಿಯಲ್ಲಿ ಹೇಳಿದರು. ನನಗೆ ಎಲ್ಲಿತ್ತೋ ಸಿಟ್ಟು. "ನಿಮಗೂ ಒಂದು ಮಗು ಇದ್ದಿದ್ರೆ ಗೊತ್ತಾಗ್ತಿತ್ತು" ಅಂದುಬಿಟ್ಟೆ. ಅವರು ಒಳಗೆ ಹೋಗಿ ಮುಂದಿನವರನ್ನು ಕರೆದರು. ಅವತ್ತಿನಿಂದ ಎದುರಾದರೆ ತಲೆಯಾಡಿಸುತ್ತಿದ್ದರು, ನಾನೂ ತಲೆಯಾಡಿಸುತ್ತಿದ್ದೆ.

"ಗುರುವಾರ ಸಂಜೆ ಬನ್ನಿ," ಅಂದೆ.

ಆ ಬೂದು ಕೋಟಿಗೆ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಬೆನ್ನಿನ ನಡುವೆ ಇದ್ದ ದೊಡ್ಡ ಕೈಯನ್ನು, ತೋಳಿನ ಮೇಲಿದ್ದ ಎರಡನ್ನು ಉಜ್ಜಿ ತೆಗೆದೆ. ಪುಟ್ಟ ಕೈಯ ಸುತ್ತ ಮಾತ್ರ ಹಲ್ಲುಜ್ಜುವ ಬ್ರಶ್ಶು ಹಿಡಿದು ಬೆರಳ ಸಂದುಸಂದಿಗೂ ಹೋದೆ. ನಮ್ಮ ಮನೆಯವರು ಪಕ್ಕದಲ್ಲಿ ಕೂತು ನೋಡುತ್ತಿದ್ದರು. "ತಪ್ಪಲ್ವೇನೇ ಇದು?" ಅಂದರು. "ತಪ್ಪೇ. ಸುಮ್ನೆ ಕೂತ್ಕೊಳ್ಳಿ," ಅಂದೆ.

ಗುರುವಾರ ಸುಭದ್ರಮ್ಮ ಬಂದು ಅದನ್ನು ತೊಟ್ಟುಕೊಂಡರು. ಮುಂದೆ ನಿಲುವುಗನ್ನಡಿ, ಹಿಂದೆ ನಮ್ಮ ಮನೆಯವರು ಇನ್ನೊಂದು ಕನ್ನಡಿ ಹಿಡಿದು ನಿಂತರು. ಆಕೆ ತಮ್ಮ ಭುಜವನ್ನು ನೋಡಿದರು, ಬಲಗೈಯನ್ನು ಅಡ್ಡ ತಂದು ಆ ಪುಟ್ಟ ಗುರುತಿಗೆ ತಾಕಿಸದೆ ಹತ್ತಿರ ಹಿಡಿದರು. ಅವರ ಮುಖದಲ್ಲಿ ಅಂಥ ನಗುವನ್ನು ನಾನು ಯಾವತ್ತೂ ನೋಡಿರಲಿಲ್ಲ. ನನಗೆ ಸಂತೋಷವೂ ಆಯಿತು, ಸಂಕಟವೂ ಆಯಿತು. ಹೋಗುವಾಗ ಹಳೇ ಕಂದು ಕೋಟನ್ನು ಮಡಿಸಿ ಬೆಂಚಿನ ಮೇಲಿಟ್ಟರು. "ಇದು ಯಾರಿಗಾದ್ರೂ ಆಗೋದಾದ್ರೆ ಕೊಡಿ. ಇಲ್ಲಾಂದ್ರೆ ಒರೆಸೋ ಬಟ್ಟೆ ಮಾಡ್ಕೊಳ್ಳಿ. ಗಲೀಜೇನಿಲ್ಲ. ದಿನಾ ಸಂಜೆ ಕೆಲಸ ಮುಗಿದ ತಕ್ಷಣ ಸ್ಪಿರಿಟ್ ಹಾಕಿ ಒರೆಸಿದೀನಿ."

ಅವರು ಹೋದ ಮೇಲೆ ಆ ಮಾತು ನನ್ನ ಕಿವಿಯಲ್ಲೇ ಉಳಿಯಿತು. ಸ್ವೇಡನ್ನು ಒದ್ದೆ ಬಟ್ಟೆಯಲ್ಲಿ ಒರೆಸುವವರು ಉಂಟೇ. ಒರೆಸಿದರೆ ನವಿರು ಮಲಗಿಬಿಡುತ್ತದೆ. ಅದಕ್ಕೇ ಆ ಕೋಟು ಎಮ್ಮೆಯ ಮೂತಿಯ ಹಾಗೆ ಹೊಳೆಯುತ್ತಿದ್ದದ್ದು. ಶುಕ್ರವಾರ ಬೆಳಿಗ್ಗೆ ಕೆಟಲ್ಲಿಗೆ ನೀರು ಹಾಕಿ, ಅದನ್ನು ಗೋಡೆಯ ಮೊಳೆಗೆ ನೇತುಹಾಕಿ ಹಬೆ ಹಿಡಿದೆ. ಭುಜದ ನವಿರು ಎದ್ದಿತು, ಏನೂ ಇಲ್ಲ. ಬೆನ್ನಿನದು ಎದ್ದಿತು, ಅಲ್ಲೂ ಏನೂ ಇಲ್ಲ. ಸೊಂಟದಿಂದ ಕೆಳಗೆ ಬಂದೆ.

ಮೊದಲು ಒಂದು ಎದ್ದಿತು. ಪೇರಲೆ ಎಲೆಯಷ್ಟು ಕೈ. ಅದರ ಪಕ್ಕದಲ್ಲಿ ಇನ್ನೊಂದು, ಅದರ ಮೇಲೆ ಅರ್ಧ ಕೂತ ಮತ್ತೊಂದು. ಹಬೆ ತಾಕಿದಲ್ಲೆಲ್ಲ ಕೈಗಳು ಏಳತೊಡಗಿದವು, ಸೊಂಟದ ಸುತ್ತ, ತೊಡೆಯ ಹಿಂದೆ, ಕೆಳಗಿನ ಅಂಚಿನವರೆಗೂ. ಎಲ್ಲ ಮಕ್ಕಳ ಕೈಗಳು. ಒಂದರ ಮೇಲೊಂದು ಎಷ್ಟು ಒತ್ತಾಗಿದ್ದವೆಂದರೆ ಮಧ್ಯೆ ಖಾಲಿ ಜಾಗ ಅನ್ನುವುದೇ ಇರಲಿಲ್ಲ. ಒರೆಸಿದರೆ ಕೈ ಮಲಗುತ್ತದೆ, ಅಳಿಯುವುದಿಲ್ಲ. ಅಳಿಸಬೇಕಾದರೆ ಉಜ್ಜಬೇಕು. ಉಜ್ಜುವುದು ಆ ಪುಣ್ಯಾತ್ಗಿತ್ತಿಗೆ ಗೊತ್ತಿರಲಿಲ್ಲ.

"ರೀ, ಬನ್ನಿ ಇಲ್ಲಿ," ಅಂತ ಮನೆಯವರನ್ನು ಕೂಗಿದೆ. ಅವರು ಬಂದು, ಕನ್ನಡಕ ಹಾಕಿಕೊಂಡು, ಮೊಣಕಾಲೂರಿ ಕೂತು ನೋಡಿದರು. ಎಡಗಡೆ ಒಂದು ಜಾಗಕ್ಕೆ ಬೆರಳು ತೋರಿಸಿದರು. ಆ ಕೈಗೆ ಆರು ಬೆರಳಿತ್ತು.

ನಮ್ಮ ಲಿಂಗುವಿನ ಬಲಗೈಗೆ ಹುಟ್ಟಿನಿಂದ ಆರು ಬೆರಳು. ಈ ಊರಿನಲ್ಲಿ ಅವನೊಬ್ಬನಿಗೇ. ನಾನು ಎಣಿಸಿದೆ. ಹದಿನಾಲ್ಕಿದ್ದವು. ಒಂದೂ ಕಡಿಮೆ ಇರಲಿಲ್ಲ. ನಾನು ನಲ್ಲಿಯ ಹತ್ತಿರ ಕಿವಿ ಮುಚ್ಚಿಕೊಂಡು ಕೂತಿದ್ದ ಹದಿನಾಲ್ಕು ದಿನವೂ ನನ್ನ ಮಗ ಯಾರನ್ನು ಹಿಡಿದುಕೊಂಡಿದ್ದ ಅಂತ ನನಗೆ ಅವತ್ತು ಗೊತ್ತಾಯಿತು. ಕೆಟಲ್ಲು ಕುದಿದು ಕುದಿದು ಒಣಗಿತು. ನಾನು ಅಳುತ್ತ ನಿಂತಿದ್ದೆ, ಮನೆಯವರು ಹೋಗಿ ಒಲೆ ಆರಿಸಿದರು.

ಮಧ್ಯಾಹ್ನ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಸುಭದ್ರಮ್ಮನ ಮನೆಗೆ ಹೋದೆ. ಅವರು ಚಪ್ಪಲಿ ಹೊರಗೆ ಬಿಡಿಸಿ, ಕಾಲು ತೊಳೆಸಿ ಒಳಗೆ ಕರೆದರು. ನಾನು ಕೋಟನ್ನು ಮಂಚದ ಮೇಲೆ ಬೋರಲು ಹರಡಿದೆ.

ಅವರು ಬಹಳ ಹೊತ್ತು ನೋಡಿದರು. "ಇದು ನಂದಲ್ಲ," ಅಂದರು.

"ನಿಮ್ಮದೇ."

"ನನ್ನ ಯಾಕೆ ಹಿಡ್ಕೋತಾವೆ? ಚುಚ್ಚೋಳು ನಾನು."

"ಅದನ್ನ ನೀವೇ ಹೇಳ್ಬೇಕು. ಸೂಜಿ ಆದ್ಮೇಲೆ ಏನ್ ಮಾಡ್ತಿದ್ರಿ?"

"ಏನಿಲ್ಲ. ಟೇಬಲ್ಲಿನಿಂದ ಇಳಿಸ್ತಿದ್ದೆ. ಇಳಿದವು ನನ್ನ ಕಾಲು ತಬ್ಬಿ ನಿಂತ್ಕೊಳ್ಳೋವು. ಅಳು ನಿಲ್ಲೋ ತನಕ ನಾನೂ ನಿಂತಿರ್ತಿದ್ದೆ. ಇನ್ನೇನು, ತಳ್ಳಕ್ಕಾಗತ್ತಾ. ಭಯಕ್ಕೆ ಹಿಡ್ಕೋತಾವೆ ಅಂದ್ಕೊಂಡಿದ್ದೆ."

"ಭಯಕ್ಕೆ ಹಿಡಿದ ಕೈ ಉಳಿಯಲ್ಲ ಸುಭದ್ರಮ್ಮ. ಇದು ನನ್ನ ಕಸುಬು, ನಾನು ಹೇಳ್ತಿದೀನಿ."

ಅವರು ಮಂಚದ ಅಂಚಿನಲ್ಲಿ ಕೂತರು. ಆಮೇಲೆ ಬಗ್ಗಿ ಒಂದೊಂದೇ ಕೈಯನ್ನು ಗುರುತಿಸತೊಡಗಿದರು. ಉಗುರು ಕಚ್ಚುವ ಈ ಬೆರಳು ಗಡಿಯಾರದ ಅಂಗಡಿಯವರ ಹುಡುಗಿಯದು, ಟೈಫಾಯಿಡ್ ಆಗಿತ್ತು. ಈ ಕಿರುಬೆರಳು ಸೊಟ್ಟ ಇದೆಯಲ್ಲ, ಇದು ಈಗಿನ ಪೋಸ್ಟ್‌ಮಾಸ್ತರರದು, ಎಷ್ಟು ಅಳುತ್ತಿದ್ದರು ಗೊತ್ತಾ. ಮುಖಗಳು ಮರೆತಿದ್ದರೂ ಕೈ ಒಂದೂ ಮರೆತಿರಲಿಲ್ಲ. ಎಡಗಡೆಗೆ ಬಂದಾಗ ನಿಂತರು. ನನ್ನ ಮುಖ ನೋಡಿದರು.

"ನಾನು ಅವತ್ತು ಆಡಿದ ಮಾತು," ಅಂದೆ. ಮುಂದಕ್ಕೆ ಬರಲಿಲ್ಲ. ಜೋರು ಬಾಯಿ ಅನ್ನುತ್ತಾರಲ್ಲ, ಬೇಕಾದಾಗ ಅದು ಇಷ್ಟೇ.

"ಯಾವ ಮಾತು?"

"ಮರೆತಿದೀರಾ?"

"ಇಲ್ಲ," ಅಂದರು. "ಕಾಫಿ ಕುಡೀತೀರಾ?"

ಕಾಫಿ ಕುಡಿದೆವು. ಹೊರಡುವಾಗ ಅವರೇ ಬೂದು ಕೋಟನ್ನು ತಂದು ನನ್ನ ಕೈಯಲ್ಲಿಟ್ಟರು. "ಆ ಮಗೂದು ಉಜ್ಜಿಬಿಡಿ. ಅದು ಯಾರೋ ತಾಯಿಗೆ ಸೇರಿದ್ದು," ಅಂದರು. ಅಂಗಡಿಗೆ ಬಂದು ಉಜ್ಜಿದೆ. ಎಂದೂ ಇಲ್ಲದ್ದು, ಉಜ್ಜುವ ಮುಂಚೆ ಆ ಪುಟ್ಟ ಕೈಯನ್ನು ಒಂದು ಸಲ ಕಣ್ಣಿಗೆ ಒತ್ತಿಕೊಂಡೆ.

ಶನಿವಾರ ಬೆಳಿಗ್ಗೆ ಆಸ್ಪತ್ರೆಯ ಅಂಗಳದಲ್ಲೇ ಶಾಮಿಯಾನ ಹಾಕಿದ್ದರು. ಮೈಕು ನಮ್ಮ ಲಿಂಗುವಿನದು, ಅವನ ಕಸುಬೇ ಅದು. ನಾನು ಅವನಿಗೆ ಏನೂ ಹೇಳಿರಲಿಲ್ಲ. ಹೇಳಲು ಹೋದರೆ ಅತ್ತುಬಿಡುತ್ತೇನೆಂಬ ಹೆದರಿಕೆ. ಡಾಕ್ಟರು ಮಾತಾಡಿದರು, ಪುರಸಭೆಯವರು ಅಗತ್ಯಕ್ಕಿಂತ ಜಾಸ್ತಿ ಮಾತಾಡಿದರು. ಸುಭದ್ರಮ್ಮ ಕಂದು ಕೋಟಿನಲ್ಲಿ ನೆಟ್ಟಗೆ ಕೂತಿದ್ದರು. ಆಮೇಲೆ ಡಾಕ್ಟರು, "ಸಿಸ್ಟರ್, ತಿರುಗ್ತೀರಾ?" ಅಂದರು. ಅವರು ಎದ್ದು ತಿರುಗಿ ಗೋಡೆಗೆ ಮುಖ ಮಾಡಿ ನಿಂತರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರ ಕಣ್ಣೂ ಭುಜದ ಮೇಲೆ. ಭುಜ ಬರಿದು, ಬೆನ್ನು ಬರಿದು. ಕೂತವರಿಗೆಲ್ಲ ವೇದಿಕೆಯ ಮೇಲಿನ ಮೇಜು ಅಡ್ಡ ಬಂದು ಸೊಂಟದ ಕೆಳಗೆ ಕಾಣುತ್ತಲೇ ಇರಲಿಲ್ಲ. ಯಾರೋ ಕೆಮ್ಮಿದರು, ಯಾರೋ ಕುರ್ಚಿ ಸರಿಸಿದರು. ಸುಭದ್ರಮ್ಮನ ಕತ್ತು ನಿಧಾನವಾಗಿ ಬಗ್ಗುತ್ತಿತ್ತು. ನನಗೆ ತಡೆಯಲಾಗಲಿಲ್ಲ. "ಲೇ ಲಿಂಗು, ಆ ಮೇಜು ಎಳೆಯೋ ಆಚೆಗೆ," ಅಂತ ಕೂಗಿದೆ.

ಲಿಂಗು ಮೈಕು ಹಿಡಿದುಕೊಂಡೇ ಬಂದು ಮೇಜನ್ನು ಎಳೆದ. ಎಳೆದವನು ಹಾಗೇ ನಿಂತ. ಆಮೇಲೆ ನನ್ನ ಎತ್ತರದ ಮಗ ಅಲ್ಲೇ ಮೊಣಕಾಲೂರಿ ಕೂತು, ತನ್ನ ಆರು ಬೆರಳಿನ ಕೈಯನ್ನು ಆ ಪುಟ್ಟ ಆರು ಬೆರಳಿನ ಮೇಲೆ ಇಟ್ಟ. ಈಗಿನ ಅವನ ಕೈಯಡಿ ಅಂಥ ಮೂರು ಕೈಗಳು ಮುಚ್ಚಿಹೋದವು.

"ಇದು ನಂದು, ಸಿಸ್ಟರ್," ಅಂದ. ಮೈಕು ಕೈಯಲ್ಲಿದ್ದದ್ದರಿಂದ ಅದು ಊರಿಗೆಲ್ಲ ಕೇಳಿಸಿತು.

ಸುಭದ್ರಮ್ಮ ತಿರುಗಲಿಲ್ಲ, ಶಾಸ್ತ್ರ ಮುಗಿಯುವ ತನಕ ತಿರುಗುವ ಹಾಗಿಲ್ಲ. "ಯಾರದು?" ಅಂದರು.

"ಲಿಂಗು. ನಾಯಿ ಕಡಿದಿತ್ತಲ್ಲ."

"ಗಾಯ ಮಾಗಿದ್ಯಾ?"

"ಮಾಗಿ ಇಪ್ಪತ್ನಾಲ್ಕು ವರ್ಷ ಆಯ್ತು ಸಿಸ್ಟರ್."

ಅಷ್ಟು ಹೊತ್ತಿಗೆ ಪೋಸ್ಟ್‌ಮಾಸ್ತರರು ಎದ್ದು ಬಂದಿದ್ದರು. ಗಡಿಯಾರದ ಅಂಗಡಿಯವರ ಮಗಳು ತನ್ನ ಮಗಳನ್ನು ಎತ್ತಿಕೊಂಡು ಬಂದಳು. ದೊಡ್ಡ ದೊಡ್ಡ ಮೀಸೆಯವರು ವೇದಿಕೆಯ ಮೇಲೆ ಮಂಡಿಯೂರಿ ತಮ್ಮ ಕೈ ಹುಡುಕತೊಡಗಿದರು. "ಸ್ವಲ್ಪ ಸರಿಯಯ್ಯಾ, ನಂದು ಅದರ ಕೆಳಗಿದೆ" ಅಂತ ನೂಕುನುಗ್ಗಲಾಯಿತು. ಆಗ ಗೋಡೆಯ ಕಡೆಯಿಂದ ಇಂಜೆಕ್ಷನ್ ಕೋಣೆಯ ಅದೇ ಒಣ ದನಿ ಬಂತು. "ಸಾಲಾಗಿ ಬನ್ನಿ. ತಳ್ಳಾಡಬೇಡಿ. ಎಲ್ರೂ ಕೈ ತೊಳ್ಕೊಂಡಿದೀರಾ?"

ಅರ್ಧ ಸಾಲು ಹೊರಟು ಅಂಗಳದ ನಲ್ಲಿಯ ಹತ್ತಿರ ಹೋಯಿತು. ನಾನೂ ಹೋದೆ. ಕೈಗವಸು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಅದೇ ನಲ್ಲಿಯಲ್ಲಿ ಕೈ ತೊಳೆದು, ಬಂದು ಸಾಲಿನ ಕೊನೆಯಲ್ಲಿ ನಿಂತೆ. ನನ್ನ ಸರದಿ ಬಂತು. ನಾನು ಇನ್ನೂ ಕೈ ಎತ್ತಿರಲಿಲ್ಲ, ಅವರು ಗೋಡೆಯನ್ನು ನೋಡುತ್ತಲೇ ಅಂದರು, "ತಾಯಕ್ಕ ಅಲ್ವಾ? ವಿನೆಗರ್ ವಾಸನೆ ಬರ್ತಿದೆ. ಹೋಗಿ ಸೋಪು ಹಾಕಿ ತೊಳ್ಕೊಂಡು ಬನ್ನಿ."

ಹೋಗಿ ಸೋಪು ಹಾಕಿ ತೊಳೆದುಕೊಂಡು ಬಂದೆ. ಖಾಲಿ ಇದ್ದ ಎಡಭುಜದ ಮೇಲೆ ಬರಿಗೈ ಇಟ್ಟೆ. ಊರೆಲ್ಲ ನೋಡುತ್ತಿತ್ತು, ನಮ್ಮ ಮನೆಯವರೂ ಮುಂದಿನ ಸಾಲಿನಲ್ಲಿ ಕೂತು ನೋಡುತ್ತಿದ್ದರು. ಈ ಸಲ ಗ್ಲೌಸು ಹರಿದಿತ್ತು ಅಂತ ಹೇಳುವ ಹಾಗಿರಲಿಲ್ಲ.